ಗಟ್ಟಿ ಬಾಡಿ ಚೆಕ್ ನ್ಯಾಯದ ಆಟವಾ? ಐಸ್ ಹಾಕಿ ನೋಡುವವರು, ಆಡಿಸುವವರು ಹೇಳಿ

ಮಿಸಿಸಾಗಾ_ಮಂಡ್ಯ

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರಾಂತ್ಯ ಪೂರ್ತಿ ಇದೇ ವಾದ. ಅಲ್ಲಿ ನೆಟ್ಟಗೆ ಮಾತಾಡೋಕೆ ಆಗಲ್ಲ, ಅದಕ್ಕೆ ಇಲ್ಲಿ ಕೇಳ್ತಿದ್ದೀನಿ. ಐಸ್ ಹಾಕಿಯಲ್ಲಿ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಇಟ್ಟುಕೊಂಡು ಬರುವವನಿಗೆ ಭುಜ ಕೊಟ್ಟು ಬೀಳಿಸೋದು, ಅಂದರೆ ಬಾಡಿ ಚೆಕ್, ನ್ಯಾಯವಾ? ನಿಯಮದಲ್ಲಿ ಇದೆ ಅಂತ ನನಗೂ ಗೊತ್ತು. ನಿಯಮದಲ್ಲಿ ಇರೋದೆಲ್ಲ ನ್ಯಾಯ ಆಗಿರುತ್ತೆ ಅಂತೇನಿಲ್ಲವಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಚೆಕ್ ಎಷ್ಟು ಜೋರಾಗಿತ್ತು ಅನ್ನೋದರ ಮೇಲೆ ನನ್ನ ತಕರಾರಿಲ್ಲ. ಪೆಟ್ಟು ಬಿದ್ದ ಗಳಿಗೆಯಲ್ಲಿ ಪಕ್ ಅವನ ಹತ್ತಿರ ಇತ್ತಾ, ಪೆಟ್ಟು ಮೈಗೆ ಬಿತ್ತಾ ತಲೆಗೆ ಬಿತ್ತಾ, ಇಷ್ಟೇ ನಾನು ನೋಡೋದು. ಪಕ್ ಆಗಲೇ ಪಾಸ್ ಆಗಿ ಹೋಗಿದ್ದರೂ "ಚೆಕ್ ಮುಗಿಸಿ ಬಾ" ಅಂತ ಬೆಂಚಿನಿಂದ ಕೂಗ್ತಾರಲ್ಲ, ಅದು ಆಟಕ್ಕೆ ಹತ್ತಿದ ರೋಗ ಅಂತ ನನಗೆ ಅನ್ನಿಸುತ್ತೆ. ಎದುರಾಳಿಯನ್ನು ಹೆದರಿಸೋದು ಬಿಟ್ಟರೆ ಆ ಪೆಟ್ಟಿಗೆ ಬೇರೆ ಕೆಲಸ ಇಲ್ಲ.

ಮಗ ಈ ಸೀಸನ್ ಯು-15 (15ರೊಳಗಿನವರ) ರೆಪ್ ತಂಡಕ್ಕೆ, ಅಂದರೆ ಆಯ್ಕೆ ಮಾಡಿ ಕಟ್ಟುವ ತಂಡಕ್ಕೆ, ಹೋಗ್ತಿದ್ದಾನೆ. ಚೆಕ್ ಇರುವ ಆಟ ಅವನಿಗೆ ಇದೇ ಮೊದಲು. ಎಲ್ಲರನ್ನೂ ಸೇರಿಸಿಕೊಳ್ಳುವ ಹೌಸ್ ಲೀಗ್‌ನಲ್ಲೇ ಇರು, ಅಲ್ಲಿ ಚೆಕ್ ಇಲ್ಲ ಅಂದರೆ ಒಪ್ಪಲಿಲ್ಲ. ಹಾಗಾಗಿ ಅನುಭವ ಇರುವವರು ದಯವಿಟ್ಟು ಬಿಚ್ಚಿ ಹೇಳಿ.

ಹುಬ್ಬಳ್ಳಿ_ರೆಡ್‌ವಿಂಗ್ಸ್

ನ್ಯಾಯನ ಐತ್ರೀ, ಅದರಾಗ ಏನ್ ಅನುಮಾನ? ಡಿಫೆನ್ಸ್ ಆಡಾವನ ಕಡೆ ಮತ್ತ ಏನ್ ಐತಿ ಹೇಳ್ರಿ. ಎದುರಿನಾಂವ ಪೂರಾ ವೇಗದಾಗ ಬರ್ತಾನ, ಇಂವ ಹಿಂದಕ್ಕ ಸ್ಕೇಟ್ ಮಾಡ್ಕೋತ ಹೊಂಟಿರ್ತಾನ. ಕೋಲು ಹಾಕಿ ಜಗ್ಗಿದ್ರ ಹುಕಿಂಗ್, ಕೈಲೆ ಹಿಡದ್ರ ಹೋಲ್ಡಿಂಗ್, ಕಾಲಿಗೆ ಕೋಲು ತಾಗಿದ್ರ ಟ್ರಿಪಿಂಗ್. ಉಳದಿದ್ದು ಮೈ ಒಂದ. 2005ರಾಗ ಲಾಕ್‌ಔಟ್ (ಮಾಲೀಕರು ಆಟ ನಿಲ್ಲಿಸಿದ್ದು) ಮುಗದ ಮ್ಯಾಲ ಎನ್‌ಎಚ್‌ಎಲ್‌ನವ್ರು (ಇಲ್ಲಿಯ ಗಂಡಸರ ದೊಡ್ಡ ಲೀಗ್) ಈ ಹುಕಿಂಗ್, ಹೋಲ್ಡಿಂಗ್ ಎಲ್ಲಾ ಬಿಗಿ ಮಾಡಿದ್ರು, ಐಸ್ ಮ್ಯಾಲಿನ ಎರಡು ಗೆರಿ ದಾಟಿಸಿ ಪಾಸ್ ಕೊಡಾಕೂ ಬಿಟ್ರು. ಆಟ ಚಲೋ ಆತು, ಒಪ್ತೀನಿ. ಆದ್ರ ತಡ್ಯಾವನ ಕೈಯಾಗಿನ ಹತಾರ ಒಂದೊಂದ ಕಸಗೊಂಡ್ರು. ಉಳದ ಒಂದನ್ನೂ ಕಸಗೊಂಡ್ರ ಅಂವ ನಿಂತು ನೋಡಬೇಕಷ್ಟ.

ನಿಕ್ಲಾಸ್ ಕ್ರೊನ್‌ವಾಲ್ ಆಡೋದನ್ನ ನಾ ಡೆಟ್ರಾಯಿಟ್‌ನಾಗ ಕುಂತು ನೋಡೇನಿ. ಎದುರಾಳಿ ಬೋರ್ಡ್ (ಅಂಕಣದ ಸುತ್ತಲಿನ ಗ್ವಾಡಿ) ಗುಂಟ ಪಕ್ ತಗೊಂಡು ಮ್ಯಾಲ ಬರೋದನ್ನ ಕಾಯ್ತಿದ್ದ. ಬಂದ ಕೂಡ್ಲೆ ಬೆನ್ನು ತಿರುವಿದಂಗ ತಿರುವಿ, ಸೊಂಟ, ಭುಜ ಎರಡೂ ಕೂಡಿಸಿ ಒಂದ ಏಟು. ಬಲ ಒಂದ ಇದ್ರ ಅದು ಬರೂದಿಲ್ಲ. ಒಂದು ಚಣ ತಡ ಆದ್ರ ಎದುರಿನಾಂವ ಪಾರಾಗಿ ಹೋಗಿ ಗೋಲ್ ಹೊಡೀತಾನ. ಅಷ್ಟು ದೊಡ್ಡ ರಿಸ್ಕ್ ತಗೊಂಡು ಮಾಡೋ ಕಸುಬಿಗೆ ಅನ್ಯಾಯ ಅಂದ್ರ ನಾ ಹೆಂಗ ಒಪ್ಪಲಿ?

ತಲಿ ತಗ್ಗಿಸಿ ಪಕ್ ನೋಡ್ಕೋತ ನಡುಐಸ್‌ನಾಗ ಬರಬ್ಯಾಡ ಅಂತ ಸಣ್ಣ ಹುಡುಗ್ರಿಗೂ ಕಲಸ್ತಾರ. ಎರಿಕ್ ಲಿಂಡ್ರೋಸ್‌ನಂಥಾ ದೊಡ್ಡ ಆಟಗಾರ ಅದನ್ನ ಮರತು ಡೆವಿಲ್ಸ್ ತಂಡದ ಡಿಫೆನ್ಸ್ ಆಟಗಾರ ಸ್ಕಾಟ್ ಸ್ಟೀವನ್ಸ್ ಮುಂದ ಬಂದ್ರ, ತಪ್ಪು ಬರೀ ಸ್ಟೀವನ್ಸ್‌ಂದ ಅಲ್ಲ.

ಟೊರಾಂಟೊ_ತೀರ್ಥಹಳ್ಳಿ

ಹುಬ್ಬಳ್ಳಿಯವರೇ, ಲಿಂಡ್ರೋಸ್ ಹೆಸರು ತೆಗೆದಿದ್ದೀರಿ, ಪೂರ್ತಿ ಕತೆ ಹೇಳೋಣ. 2000ದ ಮೇ 26, ಫಿಲಡೆಲ್ಫಿಯಾದಲ್ಲಿ ಸರಣಿಯ ಏಳನೇ ಪಂದ್ಯ, ಗೆದ್ದವರು ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಫೈನಲ್‌ಗೆ. ಲಿಂಡ್ರೋಸ್ ಕನ್ಕಷನ್‌ನಿಂದ (ಪೆಟ್ಟಿಗೆ ಮಿದುಳು ಅಲುಗಿ ಆಗುವ ತೊಂದರೆ) ಹೊರಗಿದ್ದು, ಹಿಂದಿನ ಪಂದ್ಯದಲ್ಲಷ್ಟೇ ವಾಪಸ್ ಬಂದಿದ್ದರು. ಬ್ಲೂ ಲೈನ್ (ಎದುರಾಳಿ ವಲಯದ ಗೆರೆ) ದಾಟುವಾಗ ತಲೆ ತಗ್ಗಿತ್ತು, ನಿಜ. ಸ್ಟೀವನ್ಸ್ ಭುಜ ನೇರ ದವಡೆಗೆ ಬಂತು. ಪೆನಾಲ್ಟಿ (ಕೆಲವು ನಿಮಿಷ ಹೊರಗೆ ಕೂರಿಸುವ ಶಿಕ್ಷೆ) ಇಲ್ಲ, ಯಾಕೆಂದರೆ ಅವತ್ತಿನ ನಿಯಮದಲ್ಲಿ ಅದು ಸರಿ. ಡೆವಿಲ್ಸ್ 2-1 ಗೆದ್ದರು, ಕಪ್ ಗೆದ್ದರು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅಂತ ಕಾನ್ ಸ್ಮೈತ್ ಟ್ರೋಫಿ ಸ್ಟೀವನ್ಸ್‌ಗೆ ಸಿಕ್ಕಿತು. ಲಿಂಡ್ರೋಸ್ ಮುಂದಿನ ಸೀಸನ್ ಪೂರ್ತಿ ಆಡಲಿಲ್ಲ.

ಈಗ 2003ರ ಫೈನಲ್, ಆರನೇ ಪಂದ್ಯ, ಅದೇ ಸ್ಟೀವನ್ಸ್, ಈ ಸಲ ಎದುರಿಗೆ ಪಾಲ್ ಕರಿಯಾ. ಅವರು ಪಕ್ ಪಾಸ್ ಮಾಡಿ ಆಗಿತ್ತು. ಪಾಸ್ ಹೋದ ಕಡೆ ನೋಡ್ತಿದ್ದರು. ಆಮೇಲೆ ಬಂತು ಪೆಟ್ಟು. ಐಸ್ ಮೇಲೆ ಅಂಗಾತ ಬಿದ್ದ ಮನುಷ್ಯ ಅಲುಗಾಡಲಿಲ್ಲ. ಕ್ಯಾಮೆರಾ ಮುಖದ ಹತ್ತಿರ ಹೋಯಿತು, ಕಣ್ಣು ಮುಚ್ಚಿದೆ, ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ವೈಸರ್ ಮೇಲೆ ಉಸಿರಿನ ಮಂಜು ಕೂತಿತು. ಆಗಲೇ ಜನಕ್ಕೆ ಜೀವ ಇದೆ ಅಂತ ಗೊತ್ತಾಗಿದ್ದು. ಅದೇ ಪೀರಿಯಡ್‌ನಲ್ಲಿ ಅವರನ್ನು ವಾಪಸ್ ಆಡಿಸಿದರು, ಅವರು ಗೋಲ್ ಹೊಡೆದರು, ಸ್ಟೇಡಿಯಂ ಎದ್ದು ನಿಂತಿತು. ಇವತ್ತಿಗೂ ಅದನ್ನು ವೀರಗಾಥೆಯ ಹಾಗೆ ಹೇಳ್ತಾರೆ. ಕನ್ಕಷನ್ ತೊಂದರೆಗಳಿಂದಲೇ ಕರಿಯಾ 2011ರಲ್ಲಿ ನಿವೃತ್ತಿ ಹೇಳಬೇಕಾಯಿತು ಅನ್ನೋದನ್ನು ಆ ಕತೆಯ ಕೊನೆಗೆ ಯಾರೂ ಸೇರಿಸಲ್ಲ.

ಸ್ಟೀವನ್ಸ್ ಕೂಡ 2004ರ ಜನವರಿಯ ನಂತರ ಆಡಲಿಲ್ಲ. ಕಾರಣ ಅವರ ತಲೆಗೂ ಆದ ಅದೇ ತೊಂದರೆ.

ಮಂಡ್ಯದವರು ಹೇಳಿದ್ದು ನನಗೆ ಸರಿ ಅನ್ನಿಸುತ್ತೆ. ಲಿಂಡ್ರೋಸ್‌ಗೆ ಬಿದ್ದಿದ್ದರಲ್ಲಿ ಪಕ್ ಇತ್ತು, ತಲೆಗೆ ಬಿತ್ತು. ಕರಿಯಾಗೆ ಬಿದ್ದಾಗ ಪಕ್ಕೂ ಇರಲಿಲ್ಲ. ಇವೆರಡನ್ನೂ "ತಲೆ ಎತ್ತಿ ಆಡಬೇಕಿತ್ತು" ಅನ್ನೋ ಒಂದೇ ಮಾತಲ್ಲಿ ಮುಗಿಸೋದು ಅನ್ಯಾಯ.

ಮಲ್ಲೇಶ್ವರಂ_ನಸುಕು

ಬೆಂಗಳೂರಿನಿಂದ ಬೆಳಗಿನ ಜಾವ ಎದ್ದು ನೋಡುವ ಅಭಿಮಾನಿ ನಾನು. ಸ್ಕೇಟ್ ಕಟ್ಟಿದವನಲ್ಲ, ಆದರೆ ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೀನಿ, ಆ ಕಡೆಯಿಂದ ಒಂದು ಮಾತು.

ಕಬಡ್ಡಿಯಲ್ಲಿ ರೈಡರ್‌ನ ಡ್ಯಾಶ್ ಹೊಡೆದು ಅಂಕಣದ ಆಚೆ ಹಾಕ್ತೀವಿ. ಯಾರೂ ಅದನ್ನು ಅನ್ಯಾಯ ಅನ್ನಲ್ಲ. ಯಾಕೆ? ಉಸಿರು ಹಿಡಿದು ಒಳಗೆ ಬಂದವನಿಗೆ ತಾನು ಹಿಡಿತಕ್ಕೆ, ಹೊಡೆತಕ್ಕೆ ಒಡ್ಡಿಕೊಂಡಿದ್ದೀನಿ ಅಂತ ಗೊತ್ತಿರುತ್ತೆ. ಮಧ್ಯದ ಗೆರೆ ಮುಟ್ಟಿದ ಮೇಲೆ ಅವನನ್ನು ಯಾರೂ ಮುಟ್ಟೋ ಹಾಗಿಲ್ಲ, ಆಟ ಮುಗಿಯಿತು. ಐಸ್ ಹಾಕಿಯಲ್ಲಿ ಆ ಗೆರೆ ಪಕ್. ಪಕ್ ಇಟ್ಟುಕೊಂಡವನು ಒಡ್ಡಿಕೊಂಡಿದ್ದಾನೆ. ಪಾಸ್ ಕೊಟ್ಟ ಮೇಲೆ ಅವನು ಗೆರೆ ಮುಟ್ಟಿದ ಹಾಗೆ.

ಎನ್‌ಎಚ್‌ಎಲ್ ನಿಯಮದಲ್ಲಿ ಇಲ್ಲೇ ಒಂದು ಸಂದು ಇದೆ. ಪಕ್ ಕೊನೆಗೆ ಮುಟ್ಟಿದವನನ್ನೇ ಪಕ್ ಹೊಂದಿದವನು ಅಂತ ಲೆಕ್ಕ ಹಾಕ್ತಾರೆ. ಪಕ್ ಬಿಟ್ಟ "ತಕ್ಷಣ" ಚೆಕ್ ಮಾಡಿದರೆ ಇಂಟರ್‌ಫಿಯರೆನ್ಸ್ (ಪಕ್ ಇಲ್ಲದವನನ್ನು ತಡೆಯುವ ತಪ್ಪು) ಅಲ್ಲ. ಆ ತಕ್ಷಣ ಅನ್ನೋದು ಎಷ್ಟು ಉದ್ದ? ಸೀಸನ್ ಶುರುವಾಗುವ ಅಕ್ಟೋಬರ್‌ನಲ್ಲಿ ಒಂದಳತೆ, ಪ್ಲೇಆಫ್‌ನಲ್ಲಿ ಇನ್ನೊಂದಳತೆ. ಟಿವಿಯಲ್ಲಿ ನೋಡುವ ನನಗೇ ಇದು ಕಾಣುತ್ತೆ.

ಹುಬ್ಬಳ್ಳಿ_ರೆಡ್‌ವಿಂಗ್ಸ್

ಕಬಡ್ಡಿ ಮಾತು ಚಲೋ ಹೇಳಿದ್ರಿ. ಆದ್ರ ಒಂದು ಲಕ್ಷ್ಯದಾಗ ಇಡ್ರಿ. ತೊಂಬತ್ತು ನೂರು ಕಿಲೋ ಆಳು ಸ್ಕೇಟ್ ಮ್ಯಾಲ ಬರೋವಾಗ ಪಾಸ್ ಆತು ಅಂತ ನೋಡಿ ಅಲ್ಲೇ ಗಪ್ಪನ ನಿಂದ್ರಾಕ ಬರೂದಿಲ್ಲ. ಏಟಿಗೆ ಇಳದಾನ ಅಂದ್ರ ಇಳದಾನ. ತಡ ಆಗೇತಿ ಅಂತ ಸ್ಲೋ ಮೋಷನ್‌ನಾಗ ಹೇಳೋದು ಸಲೀಸು.

ಒಟ್ಟಾವಾ_ಸೀಟಿ

ಇಲ್ಲಿಯ ಮೈನರ್ (ಮಕ್ಕಳ) ಹಾಕಿಯಲ್ಲಿ ರೆಫರಿ ಕೆಲಸ ಮಾಡ್ತೀನಿ, ಹೆಚ್ಚಾಗಿ ಯು-15, ಯು-16. ಹುಬ್ಬಳ್ಳಿ ಅಣ್ಣಾವ್ರು ನಿಲ್ಲೋಕೆ ಆಗಲ್ಲ ಅಂದ್ರು. ಪೂರ್ತಿ ನಿಲ್ಲೋಕೆ ಆಗಲ್ಲ, ಒಪ್ಪಿದೆ. ಆದರೆ ಮೆತ್ತಗೆ ಮಾಡೋಕೆ ಆಗುತ್ತೆ, ಅದನ್ನು ದಿನಾ ಕಣ್ಣಾರೆ ನೋಡ್ತೀನಿ.

ನಾನು ಮೊದಲು ನೋಡೋದು ಪೆಟ್ಟನ್ನಲ್ಲ, ಹೊಡೆಯುವವನ ಕಾಲು. ಒಳ್ಳೆ ಚೆಕ್ ಮಾಡುವ ಹುಡುಗ ಕೊನೆಯ ಒಂದೆರಡು ಹೆಜ್ಜೆ ಸ್ಕೇಟ್ ಒದೆಯಲ್ಲ, ಜಾರಿಕೊಂಡು ಬರ್ತಾನೆ. ಮಂಡಿ ಬಗ್ಗಿರುತ್ತೆ, ಮೊಣಕೈ ಪಕ್ಕೆಗೆ ಅಂಟಿರುತ್ತೆ, ಕೋಲು ಐಸ್ ಮೇಲೆ ಪಕ್ ಕಡೆಗೇ ಇರುತ್ತೆ. ಭುಜ ಎದೆಗೆ ಹೋಗುತ್ತೆ. ಹೊಡೆದ ಮೇಲೆ ಪಕ್ ಹುಡುಕ್ತಾನೆ. ಇದು ಎಷ್ಟೇ ಜೋರಾಗಿ ಬೀಳಲಿ, ಪೆನಾಲ್ಟಿಗೆ ನನ್ನ ಕೈ ಮೇಲೇಳಲ್ಲ.

ಇನ್ನೊಬ್ಬ ಹುಡುಗ ಕೊನೆವರೆಗೂ ಸ್ಕೇಟ್ ಒದೆಯುತ್ತಲೇ ಬರ್ತಾನೆ. ಕೋಲು ಸೊಂಟದ ಮಟ್ಟಕ್ಕೆ ಬಂದಿರುತ್ತೆ, ಅಂದರೆ ಪಕ್ ಅವನ ಲೆಕ್ಕದಲ್ಲೇ ಇಲ್ಲ. ಡಿಕ್ಕಿಯ ಹೊತ್ತಿಗೆ ಮೈ ಮೇಲಕ್ಕೆ ಏಳುತ್ತೆ, ಕೆಲವೊಮ್ಮೆ ಸ್ಕೇಟ್ ಐಸ್ ಬಿಟ್ಟಿರುತ್ತೆ. ಮೈ ಮೇಲಕ್ಕೆ ಎದ್ದರೆ ಭುಜ ಹೋಗೋದು ತಲೆಗೇ. ಅದು ಚಾರ್ಜಿಂಗ್ ಅನ್ನೋ ತಪ್ಪು. ಇವನು ನಿಲ್ಲೋಕೆ ಆಗಲಿಲ್ಲ ಅಂದರೆ ನಾನು ನಂಬಲ್ಲ, ಅವನು ಜೋರು ಮಾಡ್ತಾನೇ ಇದ್ದ.

ಬೋರ್ಡ್ ಹತ್ತಿರದ್ದು ಇನ್ನೂ ಗಂಭೀರ. ಬೋರ್ಡ್‌ಗೆ ಒತ್ತಿಕೊಂಡು ನಿಂತವನಿಗೆ ಜೋರಾಗಿ ಹೊಡೆದರೂ ಬೋರ್ಡ್, ಗ್ಲಾಸ್ ಸ್ವಲ್ಪ ಬಾಗಿ ಪೆಟ್ಟು ಹಂಚಿಕೊಳ್ಳುತ್ತವೆ. ಅಪಾಯ ಇರೋದು ಬೋರ್ಡ್‌ನಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಬೆನ್ನು ನಮ್ಮ ಕಡೆ ಮಾಡಿ ಬಗ್ಗಿ ಪಕ್ ತೆಗೆಯುವವನಿಗೆ. ಅಲ್ಲಿಂದ ಬಿದ್ದರೆ ತಲೆ ನೇರ ಬೋರ್ಡ್‌ಗೆ, ಕುತ್ತಿಗೆ ಮೇಲೆ ಇಡೀ ಮೈ ಭಾರ. ಇಲ್ಲಿ ಎಷ್ಟೋ ಮಕ್ಕಳ ಜೆರ್ಸಿ ಬೆನ್ನಿನ ಮೇಲೆ, ಕುತ್ತಿಗೆಯ ಕೆಳಗೆ, ರಸ್ತೆಯ ಸ್ಟಾಪ್ ಫಲಕದ ಥರದ ಸಣ್ಣ ಕೆಂಪು ಪಟ್ಟಿ ಹೊಲಿದಿರ್ತಾರೆ. ಅದು ಕಂಡರೆ ಹೊಡೀಬೇಡ ಅಂತ ಅರ್ಥ. ಎನ್‌ಎಚ್‌ಎಲ್‌ನ ಬೋರ್ಡಿಂಗ್ (ಬೋರ್ಡ್‌ಗೆ ಅಪ್ಪಳಿಸುವ ತಪ್ಪು) ನಿಯಮವೂ ಎದುರಿನವನು ರಕ್ಷಣೆ ಇಲ್ಲದ ಸ್ಥಿತಿಯಲ್ಲಿ ಇಲ್ಲ ಅಂತ ಖಚಿತ ಮಾಡಿಕೊಳ್ಳುವ ಹೊಣೆ ಹೊಡೆಯುವವನದೇ ಅನ್ನುತ್ತೆ. ಕೊನೆ ಗಳಿಗೆಯಲ್ಲಿ ಅವನೇ ಬೆನ್ನು ತಿರುಗಿಸಿದನಾ ಅಂತ ನೋಡೋಕೂ ಅವಕಾಶ ಇದೆ. ಅದು ಸರಿಯಾದ ತೂಕ ಅಂತ ನನ್ನ ಅಭಿಪ್ರಾಯ.

ಕ್ಯಾಲ್ಗರಿ_ಫಿಸಿಯೋ

ಮಂಡ್ಯದವರ ಮಗನ ವಿಷಯಕ್ಕೆ ಬರ್ತೀನಿ, ಯಾಕೆಂದರೆ ಇದರ ದೊಡ್ಡ ಅಧ್ಯಯನಗಳು ನಡೆದಿದ್ದು ನಮ್ಮ ಊರಿನ ವಿಶ್ವವಿದ್ಯಾಲಯದಿಂದಲೇ. ಆಗ ಆಲ್ಬರ್ಟಾದಲ್ಲಿ 11-12 ವಯಸ್ಸಿನ ಪೀವೀ ಮಕ್ಕಳಿಗೆ ಚೆಕ್ ಇತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಕ್ಯಾರೊಲಿನ್ ಎಮರಿ ಮತ್ತು ಸಂಗಡಿಗರು ಎರಡೂ ಕಡೆಯ ಮಕ್ಕಳನ್ನು ಒಂದು ಸೀಸನ್ ಹಿಂಬಾಲಿಸಿದರು. 2010ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ಚೆಕ್ ಇರುವ ಕಡೆ ಕನ್ಕಷನ್ ಅಪಾಯ ಮೂರು ಪಟ್ಟಿಗೂ ಹೆಚ್ಚು. ಅಮೆರಿಕದ ಹಾಕಿ ಸಂಸ್ಥೆ 2011ರಲ್ಲಿ, ಹಾಕಿ ಕೆನಡಾ 2013ರಲ್ಲಿ ಆ ವಯಸ್ಸಿಗೆ ಚೆಕ್ ತೆಗೆದುಹಾಕಿದವು.

ಆಗ ಎದ್ದ ವಾದ ಈಗಲೂ ಕೇಳಿಬರುತ್ತೆ. ಚಿಕ್ಕಂದಿನಲ್ಲೇ ಕಲಿಯದಿದ್ದರೆ 13ಕ್ಕೆ ಒಮ್ಮೆಲೇ ಪೆಟ್ಟು ತಿಂದು ಜಾಸ್ತಿ ಗಾಯ ಆಗುತ್ತೆ ಅಂತ. ಅದನ್ನೂ ಅದೇ ತಂಡ ಪರೀಕ್ಷಿಸಿತು. 13-14ರ ಮಕ್ಕಳಲ್ಲಿ, ಎರಡು ವರ್ಷ ಮೊದಲೇ ಕಲಿತ ಆಲ್ಬರ್ಟಾದವರು ಮತ್ತು ಆಗಷ್ಟೇ ಶುರು ಮಾಡಿದ ಕ್ವಿಬೆಕ್‌ನವರ ನಡುವೆ ಒಟ್ಟು ಗಾಯದಲ್ಲಿ, ಕನ್ಕಷನ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ವಾರಕ್ಕಿಂತ ಹೆಚ್ಚು ಆಟ ಬಿಡಿಸುವ ಗಾಯ ಮಾತ್ರ ಮೊದಲೇ ಕಲಿತವರಲ್ಲಿ ಕಡಿಮೆ ಇತ್ತು. ಇದನ್ನು ಮುಚ್ಚಿಡಬಾರದು. ಆದರೆ ಆ ಒಂದು ಲಾಭಕ್ಕಾಗಿ 11ರ ಮಗುವಿನ ಮಿದುಳನ್ನು ಮೂರು ಪಟ್ಟು ಅಪಾಯಕ್ಕೆ ಒಡ್ಡೋದು ಸರಿ ಅಂತ ನಾನಂತೂ ಹೇಳಲಾರೆ.

ಹೆಲ್ಮೆಟ್ ಇದೆಯಲ್ಲ ಅಂತ ಧೈರ್ಯ ಬೇಡ. ಹೆಲ್ಮೆಟ್ ತಲೆಬುರುಡೆ ಒಡೆಯೋದನ್ನು ತಪ್ಪಿಸುತ್ತೆ. 1968ರಲ್ಲಿ ಬಿಲ್ ಮಾಸ್ಟರ್ಟನ್ ಹೆಲ್ಮೆಟ್ ಇಲ್ಲದೆ ತಲೆ ಐಸ್‌ಗೆ ಬಡಿದು ತೀರಿಕೊಂಡರು. ಅಂಥ ಸಾವಿಗೆ ಅದು ಉತ್ತರ. ಆದರೆ ಓಡುವ ತಲೆ ಒಮ್ಮೆಲೇ ನಿಂತಾಗ, ಇಲ್ಲ ತಿರುಗಿದಾಗ, ಒಳಗೆ ಮಿದುಳು ಅಲುಗೋದನ್ನು ಅದು ತಡೆಯಲ್ಲ. ಮೊದಲನೇ ಪೆಟ್ಟು ಮಾಯುವ ಮುಂಚೆ ಎರಡನೇದು ಬಿದ್ದರೆ ತುಂಬಾ ಕಷ್ಟ. ಸಿಡ್ನಿ ಕ್ರಾಸ್ಬಿಗೆ 2011ರ ಜನವರಿ 1ರಂದು ಒಂದು, 5ನೇ ತಾರೀಕು ಇನ್ನೊಂದು ಪೆಟ್ಟು ಬಿತ್ತು. ಪಂದ್ಯಕ್ಕೆ ಮರಳಿದ್ದು ನವೆಂಬರ್‌ನಲ್ಲಿ, ಡಿಸೆಂಬರ್‌ನಲ್ಲಿ ಮತ್ತೆ ಹೊರಗೆ. ಲೋಕದ ಅತ್ಯುತ್ತಮ ಆಟಗಾರನಿಗೆ, ಬೇಕಾದಷ್ಟು ವೈದ್ಯರಿದ್ದು, ಈ ಗತಿ.

ಒಂಟಾರಿಯೋದಲ್ಲಿ ಇರೋರಿಗೆ ಒಂದು ಮಾತು: 2018ರ ರೋವನ್ಸ್ ಲಾ ಪ್ರಕಾರ ಕನ್ಕಷನ್ ಅನುಮಾನ ಬಂದರೂ ಸಾಕು, ಮಗುವನ್ನು ಆಟದಿಂದ ತೆಗೆಯಲೇಬೇಕು. ಕೋಚ್ ಏನಂದರೂ ಅದರಲ್ಲಿ ರಾಜಿ ಬೇಡ. ಆ ಕಾನೂನಿನ ಪರ ದನಿ ಎತ್ತಿದವರಲ್ಲಿ ಲಿಂಡ್ರೋಸ್ ಕೂಡ ಒಬ್ಬರು.

ಮಿಸಿಸಾಗಾ_ಮಂಡ್ಯ

ಫಿಸಿಯೋ ಅವರಿಗೆ, ಸೀಟಿ ಅವರಿಗೆ ತುಂಬಾ ಧನ್ಯವಾದ. ಹುಬ್ಬಳ್ಳಿಯವರೇ, ನಿಲ್ಲೋಕೆ ಆಗಲ್ಲ ಅಂದಿರಲ್ಲ, ಅದಕ್ಕೂ ಒಂದು ಉತ್ತರ ಕೊಡಬೇಕು. ಹೊಡೆಯುವವನು ಬದಲಾಗೋಕೆ ಆಗುತ್ತೆ ಅನ್ನೋದಕ್ಕೆ ಎನ್‌ಎಚ್‌ಎಲ್ ಆಟಗಾರ ಮ್ಯಾಟ್ ಕುಕ್ ಸಾಕ್ಷಿ. 2010ರ ಮಾರ್ಚ್‌ನಲ್ಲಿ ಮಾರ್ಕ್ ಸವಾರ್ಡ್ ಶಾಟ್ ಹೊಡೆದು ಮುಗಿಸಿದ ಮೇಲೆ, ಕಣ್ಣಿಗೆ ಕಾಣದ ಪಕ್ಕದಿಂದ ಬಂದು ತಲೆಗೆ ಕೊಟ್ಟ. ಪೆನಾಲ್ಟಿ ಇಲ್ಲ, ಸಸ್ಪೆನ್ಷನ್ ಇಲ್ಲ, ಯಾಕೆಂದರೆ ಹಿಡಿಯೋಕೆ ನಿಯಮವೇ ಇರಲಿಲ್ಲ. ಮರುವರ್ಷ ಇನ್ನೊಂದು ಪೆಟ್ಟು ಬಿದ್ದು ಸವಾರ್ಡ್ ಆಟವೇ ಮುಗಿಯಿತು. 2010ರ ಆ ಘಟನೆಯಿಂದಲೇ ನಿಯಮ 48 ಬಂತು. ಮೊದಲು ಪಕ್ಕದಿಂದ, ಕಾಣದ ಕಡೆಯಿಂದ ತಲೆಗೆ ಹೊಡೆಯೋದಕ್ಕೆ ಮಾತ್ರ ಇತ್ತು. ಆಮೇಲೆ ಯಾವ ಕಡೆಯಿಂದ ಬಂದರೂ ಅನ್ವಯ ಅಂತ ಅಗಲ ಮಾಡಿದರು.

2011ರಲ್ಲಿ ಇನ್ನೊಬ್ಬನಿಗೆ ಮೊಣಕೈ ಕೊಟ್ಟಿದ್ದಕ್ಕೆ ಕುಕ್‌ನನ್ನು ಲೀಗ್‌ನ ಉಳಿದ 10 ಪಂದ್ಯ, ಜೊತೆಗೆ ಪ್ಲೇಆಫ್‌ನ ಮೊದಲ ಸುತ್ತು ಪೂರ್ತಿ ಕೂರಿಸಿದರು. ಮುಂದಿನ ಸೀಸನ್ ಅದೇ ಮನುಷ್ಯ 19 ಗೋಲ್ ಹೊಡೆದ, ಪೆನಾಲ್ಟಿ ನಿಮಿಷ 44ಕ್ಕೆ ಇಳಿಯಿತು. ಚೆಕ್ ಮಾಡೋದನ್ನೇನು ಬಿಡಲಿಲ್ಲ. ಯಾವುದನ್ನು ಬಿಡಬೇಕು ಅಂತ ನೋಡಿ ಬಿಟ್ಟ.

ಹುಬ್ಬಳ್ಳಿ_ರೆಡ್‌ವಿಂಗ್ಸ್

ಅದ ಕುಕ್ 2014ರಾಗ ಟೈಸನ್ ಬ್ಯಾರಿಗೆ ಮೊಣಕಾಲು ಕೊಟ್ಟು ಮತ್ತ 7 ಮ್ಯಾಚ್ ಕುಂತಾನ. ಹಂಗಾಗಿ ಪೂರಾ ಸಾಕ್ಷಿ ಅನ್ನಬ್ಯಾಡ್ರಿ. ಆದ್ರ ನಿಮ್ಮ ಮಾತಿನ ತಿರುಳು ಒಪ್ತೀನಿ. ರಾಫಿ ಟೊರೆಸ್ 2012ರಾಗ ಮರಿಯನ್ ಹೊಸ್ಸಾಗ ಹೊಡದಿದ್ದು ನೋಡ್ರಿ. ಪಕ್ ಇಲ್ಲ, ಕಾಲು ಐಸ್ ಬಿಟ್ಟಾವ, ಏಟು ತಲಿಗೆ. ರೆಫರಿ ಕೈ ಎತ್ತಲಿಲ್ಲ. ಆಮ್ಯಾಲ 25 ಮ್ಯಾಚ್ ಸಸ್ಪೆಂಡ್, ಅದನ್ನ 21ಕ್ಕ ಇಳಿಸಿದ್ರು. 2015ರಾಗ ಮತ್ತ ಅದ ಕೆಲಸ, 41 ಮ್ಯಾಚ್. ಇಂಥಾವ್ರನ್ನ ಯಾರೂ ಉಳಿಸ್ಕೊಳ್ಳೋದು ಬ್ಯಾಡ.

ನನ್ನ ಅಂಜಿಕಿ ಬ್ಯಾರೆ. ಇವ್ರ ಸಲುವಾಗಿ ಒಳ್ಳೆ ಚೆಕ್ ಕೂಡ ಹೋಗಿಬಿಡ್ತದ ಅಂತ. ಈಗ ಚಲೋ ಏಟು ಬಿದ್ರೂ ಸಾಕು, ಎದುರಿನ ತಂಡದಾಂವ ಕೈಗವಸು ಕಿತ್ತೊಗದು ಜಗಳಕ್ಕ ಬರ್ತಾನ. ನ್ಯಾಯವಾಗಿ ಹೊಡದಾಂವ ಯಾಕ್ರೀ ಗುದ್ದಾಡಬೇಕು?

ಟೊರಾಂಟೊ_ತೀರ್ಥಹಳ್ಳಿ

ಅದಕ್ಕೆ ನನ್ನದೂ ಪೂರ್ತಿ ಸಹಮತ. ಒಳ್ಳೆ ಚೆಕ್ ಉಳಿಯುತ್ತೆ ಅನ್ನೋ ಭರವಸೆ ನನಗೆ ಸಿಕ್ಕಿದ್ದು ಹೆಂಗಸರ ಹಾಕಿಯಲ್ಲಿ. 1990ರಲ್ಲಿ ಒಟ್ಟಾವಾದಲ್ಲಿ ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಚೆಕ್ ಇತ್ತು. ಆಮೇಲೆ ತೆಗೆದುಬಿಟ್ಟರು. ಎಷ್ಟೋ ವರ್ಷ ಆದ ಮೇಲೆ ಸ್ವೀಡನ್‌ನ ಲೀಗ್ 2022ರಲ್ಲಿ ವಾಪಸ್ ತಂದಿತು. 2024ರ ಜನವರಿಯಲ್ಲಿ ಇಲ್ಲಿ ಶುರುವಾದ ಹೆಂಗಸರ ಲೀಗ್ ಪಿಡಬ್ಲ್ಯೂಎಚ್‌ಎಲ್ ಕೂಡ ಚೆಕ್‌ಗೆ ಅವಕಾಶ ಕೊಟ್ಟಿದೆ. ಷರತ್ತು ಒಂದೇ, ಪಕ್ ಆಡುವ ಉದ್ದೇಶ ಸ್ಪಷ್ಟವಾಗಿ ಕಾಣಬೇಕು. ನಾನು ಇಲ್ಲಿಯ ಪಂದ್ಯಗಳಿಗೆ ಹೋಗ್ತೀನಿ. ಗ್ಲಾಸ್ ಅದುರುವ ಹಾಗೆ ಹೊಡೀತಾರೆ. ಆಟ ಬಿಗಿಯಾಗಿದೆ, ಆಟಗಾರ್ತಿಯರೇ ಇದು ಬೇಕು ಅಂತಾರೆ. ಗಂಡಸರ ಲೀಗ್ ಈ ಒಂದು ಷರತ್ತನ್ನು ಹಾಗೇ ಎತ್ತಿಕೊಂಡರೆ "ಚೆಕ್ ಮುಗಿಸು" ಅನ್ನೋದಕ್ಕೆ ಜಾಗವೇ ಇರಲ್ಲ.

ಮಲ್ಲೇಶ್ವರಂ_ನಸುಕು

ಹುಬ್ಬಳ್ಳಿಯವರ ಜಗಳದ ಪ್ರಶ್ನೆ ಸಣ್ಣದಲ್ಲ. 2004ರಲ್ಲಿ ಸ್ಟೀವ್ ಮೂರ್ ಮಾರ್ಕಸ್ ನಾಸ್ಲಂಡ್‌ಗೆ ಕೊಟ್ಟ ಚೆಕ್‌ಗೆ ಪೆನಾಲ್ಟಿ ಬರಲಿಲ್ಲ. ಆ ಸೇಡಿಗೆ ಮೂರು ವಾರದ ನಂತರ ಟಾಡ್ ಬರ್ಟುಜ್ಜಿ ಹಿಂದಿನಿಂದ ಗುದ್ದಿ ಮೂರ್‌ನ ಕೆಡವಿದ, ಮೂರ್ ಮತ್ತೆಂದೂ ಎನ್‌ಎಚ್‌ಎಲ್ ಆಡಲಿಲ್ಲ. ರೆಫರಿ ತೀರ್ಮಾನ ಮಾಡದೆ ಬಿಟ್ಟಿದ್ದನ್ನು ಆಟಗಾರರು ತಾವೇ ತೀರಿಸಿಕೊಳ್ಳೋಕೆ ಹೊರಟರೆ ಹೀಗಾಗುತ್ತೆ. ತಡವಾದ ಚೆಕ್‌ಗೆ ಅಲ್ಲೇ ಎರಡು ನಿಮಿಷ ಕೂರಿಸಿದರೆ ಸೇಡಿನ ಲೆಕ್ಕ ಶುರುವಾಗೋದೇ ಕಡಿಮೆ.

ಮಿಸಿಸಾಗಾ_ಮಂಡ್ಯ

ಸೀಟಿ ಅವರೇ, ಒಂದೇ ಪ್ರಶ್ನೆ ಉಳಿದಿದೆ. ಸೀಸನ್ ಶುರುವಾಗುವ ಮುಂಚೆ ಪೋಷಕರ ಸಭೆ ಇದೆ. ಕೋಚ್ ಹೇಗೆ ಕಲಿಸ್ತಾರೆ ಅಂತ ತಿಳಿಯೋಕೆ ಏನು ಕೇಳಲಿ?

ಒಟ್ಟಾವಾ_ಸೀಟಿ

"ಪೆನಾಲ್ಟಿ ಬರದೇ ಇದ್ದ ತಡವಾದ ಚೆಕ್‌ಗೆ ನೀವು ಏನು ಮಾಡ್ತೀರಿ?" ಅಂತ ಕೇಳಿ. ಆ ಹುಡುಗನನ್ನು ಬೆಂಚಿಗೆ ಕರೆದು ಮಾತಾಡ್ತೀನಿ, ಒಂದೆರಡು ಶಿಫ್ಟ್ (ಐಸ್‌ಗೆ ಇಳಿಯುವ ಸರದಿ) ಕೂರಿಸ್ತೀನಿ ಅಂದರೆ ಒಳ್ಳೆ ಕೋಚ್. ರೆಫರಿ ಬಿಟ್ಟರೆ ನಮಗೇನು ಅಂದರೆ ಬೇರೆ ತಂಡ ನೋಡಿ. ಇನ್ನೊಂದು, ಮೊದಲ ತಿಂಗಳ ಅಭ್ಯಾಸದಲ್ಲಿ ಹೊಡೆಯೋದಕ್ಕಿಂತ ಹೊಡೆತ ತಗೊಳ್ಳೋದನ್ನು ಹೆಚ್ಚು ಕಲಿಸ್ತಾರಾ ಅಂತ ನೋಡಿ: ಬೋರ್ಡ್ ಹತ್ತಿರ ಹೋಗುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡೋದು, ಮಧ್ಯದಲ್ಲಿ ನಿಲ್ಲದೆ ಬೋರ್ಡ್‌ಗೆ ಪೂರ್ತಿ ಒತ್ತಿಕೊಳ್ಳೋದು, ಗದ್ದ ಎದೆಗೆ ತಾಗಿಸದೆ ತಲೆ ಎತ್ತಿ ಇರೋದು. ಗದ್ದ ಕೆಳಗಿದ್ದಾಗಲೇ ಕುತ್ತಿಗೆ ಮುರಿಯೋದು.

ಹುಬ್ಬಳ್ಳಿ_ರೆಡ್‌ವಿಂಗ್ಸ್

ಮಂಡ್ಯದವ್ರ, ಹುಡುಗಗ ಹಿಂದಕ್ಕ ಸ್ಕೇಟ್ ಮಾಡೋದನ್ನ ಚಲೋತ್ನಂಗ ಕಲಸ್ರಿ. ಕಾಲು ಸರಿ ಇದ್ದಾಂವ ತಡ ಮಾಡಿ ಹೊಡ್ಯಾಕ ಹೋಗೂದಿಲ್ಲ, ಅವಂಗ ಅದರ ಗರಜ ಬೀಳೂದಿಲ್ಲ. ಕೋಚ್ ಏನಂದ್ರು ಅಂತ ಇಲ್ಲೇ ಬರೀರಿ.